ಗಾಳಿಯನ್ನು ಅಳೆದ ಮೇಲೆಯೇ ಗಾಳಿಯಂತ್ರ

ಮನೆಯ ವಿದ್ಯುತ್ತಿಗಾಗಿ ಪುಟ್ಟ ಗಾಳಿಯಂತ್ರವನ್ನು ಹಾಕಿಸಬೇಕೆಂದಿರುವ ಓದುಗರು ಬರೆದ ಪತ್ರಗಳಲ್ಲಿ ಐದನ್ನು ಈ ಬಾರಿ ಆರಿಸಿಕೊಂಡಿದ್ದೇನೆ. ಮೊದಲ ಪ್ರಶ್ನೆಗೆ ಉತ್ತರ ಸ್ವಲ್ಪ ದೀರ್ಘವಾಗಿದೆ. ಮಿಕ್ಕ ಪ್ರಶ್ನೆಗಳ ಬೇರೂ ಅಲ್ಲಿಯೇ ಇರುವುದರಿಂದ ಓದುಗರು ಸಹಿಸಿಕೊಳ್ಳಬೇಕಾಗಿ ವಿನಂತಿ.

ಪ್ರಶ್ನೆ: ನಮ್ಮ ಮನೆ ಬಯಲಿನ ನಡುವೆ ಇದೆ. ದಿನಕ್ಕೆ ಸುಮಾರು 5 ಯೂನಿಟ್ ವಿದ್ಯುತ್ ಬಳಸುತ್ತೇವೆ. ಒಬ್ಬ ಮಾರಾಟಗಾರರು 3 ಮೀಟರ್ ವ್ಯಾಸದ 1 ಕಿಲೋವ್ಯಾಟ್ ಯಂತ್ರವನ್ನು ತೋರಿಸಿದರು. ಇನ್ನೊಬ್ಬರು ಹೆಚ್ಚುಕಡಿಮೆ ಅದೇ ಬೆಲೆಗೆ 1.8 ಮೀಟರ್ ವ್ಯಾಸದ 2 ಕಿಲೋವ್ಯಾಟ್ ಯಂತ್ರವನ್ನು ಕೊಡುತ್ತೇವೆ ಎನ್ನುತ್ತಾರೆ. ಎರಡನೆಯದನ್ನೇ ಕೊಳ್ಳುವುದು ಜಾಣತನವಲ್ಲವೇ?

ಉತ್ತರ: ಅಲ್ಲ. ನಿಮ್ಮ ಮನೆಯ ದೀಪಗಳು ಹೆಚ್ಚು ಹೊತ್ತು ಉರಿಯಬೇಕಾದರೆ ಮೊದಲನೆಯ ಯಂತ್ರವೇ ಮೇಲು. ಫಲಕದ ಮೇಲೆ ಬರೆದಿರುವ ಕಿಲೋವ್ಯಾಟ್ ಎಂಬುದು ಆ ಯಂತ್ರ ಯಾವುದೋ ಒಂದು ಗಾಳಿವೇಗದಲ್ಲಿ ಕೊಡುವ ಶಕ್ತಿ ಮಾತ್ರ. ಆ ವೇಗ ಎಷ್ಟೆಂಬುದು ಸಾಮಾನ್ಯವಾಗಿ ಸಣ್ಣ ಅಕ್ಷರಗಳಲ್ಲಿ, ಕೊನೆಯ ಪುಟದಲ್ಲಿ ಇರುತ್ತದೆ. ಗಾಳಿಯಲ್ಲಿರುವ ಶಕ್ತಿಯನ್ನು ಎರಡು ಸಂಗತಿಗಳು ನಿರ್ಧರಿಸುತ್ತವೆ. ಒಂದು, ರೆಕ್ಕೆಗಳು ತಿರುಗುವಾಗ ಆವರಿಸುವ ವೃತ್ತದ ವಿಸ್ತೀರ್ಣ. ಇನ್ನೊಂದು, ಗಾಳಿಯ ವೇಗದ ಘನ. ವೇಗ ಎರಡರಷ್ಟಾದರೆ ಶಕ್ತಿ ಎಂಟರಷ್ಟಾಗುತ್ತದೆ. ಸೆಕೆಂಡಿಗೆ 5 ಮೀಟರ್ ವೇಗದ ಗಾಳಿ 3 ಮೀಟರ್ ವ್ಯಾಸದ ವೃತ್ತದ ಮೂಲಕ ಹಾಯುವಾಗ ಅದರಲ್ಲಿ ಸುಮಾರು 540 ವ್ಯಾಟ್ ಶಕ್ತಿ ಇರುತ್ತದೆ. ಅಷ್ಟನ್ನೂ ಹೀರಿಕೊಳ್ಳುವುದು ಯಾವ ಯಂತ್ರದಿಂದಲೂ ಆಗದು. ಶೇ 59.3ಕ್ಕಿಂತ ಹೆಚ್ಚನ್ನು ಪಡೆಯಲಾಗದೆಂದು ಜರ್ಮನಿಯ ಭೌತವಿಜ್ಞಾನಿ ಆಲ್ಬರ್ಟ್ ಬೆಟ್ಸ್ 1920ರಲ್ಲಿಯೇ ತೋರಿಸಿಕೊಟ್ಟರು. ಮನೆಬಳಕೆಯ ಪುಟ್ಟ ಯಂತ್ರಗಳು ಶೇ 30ರ ಆಸುಪಾಸಿನಲ್ಲಿ ಪಡೆದರೆ ಅದು ಒಳ್ಳೆಯ ಕೆಲಸವೇ. ಹಾಗಾಗಿ ಆ ಗಾಳಿಯಲ್ಲಿ ನಿಮ್ಮ ಮೊದಲನೆಯ ಯಂತ್ರ ಸುಮಾರು 160 ವ್ಯಾಟ್ ಕೊಟ್ಟೀತು, ಎರಡನೆಯದು 60 ವ್ಯಾಟನ್ನು ಮುಟ್ಟುವುದೂ ಕಷ್ಟ.

ಹಾಗಿದ್ದರೆ 2 ಕಿಲೋವ್ಯಾಟ್ ಎಂಬ ಬರಹ ಸುಳ್ಳೇ ಎಂದು ನೀವು ಕೇಳಬಹುದು. ಸುಳ್ಳೆನ್ನಲಾಗದು. ಅಷ್ಟು ಚಿಕ್ಕ ವೃತ್ತದಿಂದ 2 ಕಿಲೋವ್ಯಾಟ್ ಬರಬೇಕಾದರೆ ಗಾಳಿ ಸೆಕೆಂಡಿಗೆ 15 ಮೀಟರಿಗೂ ಮಿಗಿಲಾಗಿ, ಅಂದರೆ ಗಂಟೆಗೆ 54 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಬೀಸಬೇಕು. ಅಂಥ ಗಾಳಿಗೆ ಎದುರಾಗಿ ನಡೆಯುವುದೇ ಪ್ರಯಾಸ. ವರ್ಷದಲ್ಲಿ ಅದು ಬೀಸುವ ಗಂಟೆಗಳು ಬಹುತೇಕ ಕಡೆ ಬೆರಳೆಣಿಕೆಯಷ್ಟು. ಆದ್ದರಿಂದ ಮಾರಾಟಗಾರರನ್ನು ‘ಎಷ್ಟು ಕಿಲೋವ್ಯಾಟ್’ ಎಂದು ಕೇಳುವುದನ್ನು ಬಿಟ್ಟು, ‘ಸರಾಸರಿ 4 ಮೀಟರ್ ಗಾಳಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್, 5 ಮೀಟರ್ ಗಾಳಿಯಲ್ಲಿ ಎಷ್ಟು’ ಎಂದು ಬರಹದಲ್ಲಿ ಕೇಳಿ. ನನ್ನ ಸ್ಥೂಲ ಲೆಕ್ಕದ ಪ್ರಕಾರ 3 ಮೀಟರ್ ವ್ಯಾಸದ ಒಳ್ಳೆಯ ಯಂತ್ರ, ವಾರ್ಷಿಕ ಸರಾಸರಿ 4 ಮೀಟರ್ ಇರುವಲ್ಲಿ ದಿನಕ್ಕೆ ಎರಡೂವರೆ ಯೂನಿಟ್ಟನ್ನೂ, 5 ಮೀಟರ್ ಇರುವಲ್ಲಿ ಸುಮಾರು 5 ಯೂನಿಟ್ಟನ್ನೂ ಕೊಡಬಹುದು. ಸರಾಸರಿಯಲ್ಲಿ ಒಂದೇ ಒಂದು ಮೀಟರಿನ ವ್ಯತ್ಯಾಸ. ಫಲ ಮಾತ್ರ ಇಮ್ಮಡಿ. ನಿಮ್ಮ ಬಯಲಿನ ಸರಾಸರಿ ಎಷ್ಟೆಂದು ನೀವು ಬರೆದಿಲ್ಲ. ಅದು ತಿಳಿಯದೆ ಯಂತ್ರಗಳನ್ನು ಹೋಲಿಸುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆಯೇ.

ಪ್ರಶ್ನೆ: ನಮ್ಮಲ್ಲಿ ಸದಾ ಗಾಳಿ ಬೀಸುತ್ತಿರುತ್ತದೆ. ಇಷ್ಟಾದರೂ ಉಪಕರಣ ತಂದು ಅಳೆಯಬೇಕೇ?

ಉತ್ತರ: ‘ಸದಾ ಗಾಳಿ’ ಎಂಬ ಅನಿಸಿಕೆಯನ್ನು ನಂಬಿ ಹಣ ಹೂಡಬಾರದು. ನಮ್ಮ ಮೈಗೆ ಹಿತವೆನಿಸುವ ತಂಗಾಳಿ ಯಂತ್ರಕ್ಕೆ ಏನೂ ಅಲ್ಲ. ಹೆಚ್ಚಿನ ಯಂತ್ರಗಳು ಸೆಕೆಂಡಿಗೆ 3 ಮೀಟರಿನ ಹತ್ತಿರ ತಿರುಗತೊಡಗುತ್ತವಾದರೂ, ಆಗ ಹುಟ್ಟುವ ವಿದ್ಯುತ್ತು ಹೆಸರಿಗಷ್ಟೇ. ಮೊದಲ ಅಂದಾಜಿಗೆ, ಸುತ್ತಲಿನ ದೃಶ್ಯವನ್ನು ನೋಡಿಯೇ ಗಾಳಿಯ ವೇಗವನ್ನು ಗುರುತಿಸುವ ಬ್ಯೂಫೋರ್ಟ್ ಮಾಪಕ ಸಾಕು. ಎಲೆಗಳೂ ತೆಳುವಾದ ರೆಂಬೆಗಳೂ ಬಿಡುವಿಲ್ಲದೆ ಅಲುಗಾಡುತ್ತ, ಹಗುರವಾದ ಬಾವುಟ ಬಿಚ್ಚಿಕೊಂಡು ಹಾರುತ್ತಿದ್ದರೆ ಗಾಳಿಯ ವೇಗ 3.4ರಿಂದ 5.4 ಮೀಟರ್. ಧೂಳೂ ಕಾಗದದ ಚೂರುಗಳೂ ಮೇಲೆದ್ದು, ಸಣ್ಣ ಕೊಂಬೆಗಳು ತೂಗಾಡತೊಡಗಿದರೆ 5.5ರಿಂದ 7.9 ಮೀಟರ್. ಈ ಎರಡನೆಯ ದೃಶ್ಯ ನಿಮ್ಮಲ್ಲಿ ವಾರಕ್ಕೆ ಹಲವು ಸಲ, ಗಂಟೆಗಟ್ಟಲೆ ಕಾಣುವುದಾದರೆ ಮುಂದಿನ ಹೆಜ್ಜೆ ಇಡಬಹುದು. ಮರಗಳು ಒಂದೇ ದಿಕ್ಕಿಗೆ ಬಾಗಿ, ಗಾಳಿಗೆ ಎದುರಾದ ಬದಿಯಲ್ಲಿ ಕೊಂಬೆಗಳಿಲ್ಲದೆ ಬೆಳೆದಿದ್ದರೆ ಅದೂ ನಂಬಬಹುದಾದ ಸಾಕ್ಷಿ.

ಅದಾದ ಮೇಲೆ ವೇಗಮಾಪಕವೊಂದನ್ನು, ದತ್ತಾಂಶವನ್ನು ತಾನೇ ಬರೆದಿಟ್ಟುಕೊಳ್ಳುವಂಥದ್ದನ್ನು, ಯಂತ್ರ ಕೂರಲಿರುವ ಎತ್ತರದಲ್ಲಿಯೇ ಕಂಬಕ್ಕೆ ಕಟ್ಟಿ ಒಂದು ವರ್ಷ ಬಿಡುವುದು ಉತ್ತಮ. ಅಷ್ಟು ಕಾಯಲಾಗದವರು ಗಾಳಿ ಹೆಚ್ಚಿರುವ ಋತುವನ್ನೂ ಕಡಿಮೆಯಿರುವ ಋತುವನ್ನೂ ತಪ್ಪದೆ ಅಳೆದು, ಹತ್ತಿರದ ಹವಾಮಾನ ಕೇಂದ್ರದ ಅಂಕಿಗಳೊಡನೆ ತಾಳೆ ನೋಡಬೇಕು. ಕೇವಲ ಸರಾಸರಿಯನ್ನು ನೋಡಿ ಮುಗಿಸಬೇಡಿ. ಇಡೀ ದಿನ 5 ಮೀಟರ್ ವೇಗದಲ್ಲಿ ಬೀಸಿದ ಗಾಳಿಗೂ, ಅರ್ಧ ದಿನ 2 ಮೀಟರ್ ಮತ್ತು ಅರ್ಧ ದಿನ 8 ಮೀಟರ್ ಬೀಸಿದ ಗಾಳಿಗೂ ಸರಾಸರಿ ಒಂದೇ. ಆದರೆ ಘನದ ಲೆಕ್ಕದಿಂದಾಗಿ ಎರಡನೆಯ ದಿನದ ಗಾಳಿಯಲ್ಲಿ ಮೊದಲನೆಯದರ ಎರಡರಷ್ಟಕ್ಕೂ ತುಸು ಹೆಚ್ಚು ಶಕ್ತಿಯಿದೆ.

ಪ್ರಶ್ನೆ: ಎತ್ತರದ ಕಂಬಕ್ಕೆ ಯಂತ್ರದಷ್ಟೇ ಖರ್ಚಾಗುತ್ತದೆಂದು ಹೇಳುತ್ತಾರೆ. ನಮ್ಮ ತಾರಸಿಯ ಮೇಲೆಯೇ ಯಂತ್ರವನ್ನು ಕೂರಿಸಬಾರದೇ?

ಉತ್ತರ: ಕೂರಿಸಬಾರದು ಎಂಬುದೇ ನನ್ನ ಸ್ಪಷ್ಟ ಅಭಿಪ್ರಾಯ. ಗೋಡೆಗೂ ಸೂರಿಗೂ ಬಡಿದ ಗಾಳಿ ಸುಳಿಸುಳಿಯಾಗಿ ಒಡೆಯುತ್ತದೆ. ಸುಳಿಗಾಳಿಯಲ್ಲಿ ಯಂತ್ರ ಕ್ಷಣಕ್ಕೊಂದು ದಿಕ್ಕಿಗೆ ಮುಖ ತಿರುಗಿಸುತ್ತ ಬೇರಿಂಗುಗಳನ್ನು ಸವೆಸಿಕೊಳ್ಳುತ್ತದೆಯೇ ಹೊರತು ವಿದ್ಯುತ್ತನ್ನು ಹುಟ್ಟಿಸುವುದಿಲ್ಲ. ಅದರ ಕಂಪನ ಗೋಡೆಗಳ ಮೂಲಕ ಇಳಿದು ಮಲಗುವ ಕೋಣೆಯಲ್ಲಿ ಗುಂಯ್‌ಗುಡುತ್ತದೆ. ಬ್ರಿಟನ್ನಿನಲ್ಲಿ ಕಟ್ಟಡಗಳ ಮೇಲೆ ಕೂರಿಸಿದ 26 ಯಂತ್ರಗಳನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ವಾರ್ವಿಕ್ ಪ್ರಯೋಗದ ವರದಿಯ ಪ್ರಕಾರ, ಯಂತ್ರಗಳು ನಿಂತಿದ್ದ ಅವಧಿಯನ್ನೂ ಸೇರಿಸಿದರೆ ಸಿಕ್ಕಿದ್ದು ನಮೂದಿತ ಸಾಮರ್ಥ್ಯದ ಶೇ 1ಕ್ಕಿಂತಲೂ ಕಡಿಮೆ. ಬಹುಮಹಡಿ ಕಟ್ಟಡಗಳ ನೆತ್ತಿಯ ಮೇಲಿದ್ದವು ಚೆನ್ನಾಗಿ ತಿರುಗಿದವು, ಆದರೆ ಕೆಳಗಿನ ನಿವಾಸಿಗಳು ಸದ್ದು ತಾಳಲಾರದೆ ದೂರಿದ್ದರಿಂದ ಅವನ್ನೇ ನಿಲ್ಲಿಸಿಡಬೇಕಾಯಿತು.

ರೆಕ್ಕೆಯ ಕೆಳತುದಿ, ಸುತ್ತಲಿನ 150 ಮೀಟರಿನೊಳಗಿರುವ ಯಾವುದೇ ಮರ ಅಥವಾ ಕಟ್ಟಡಕ್ಕಿಂತ ಕನಿಷ್ಠ 9 ಮೀಟರ್ ಮೇಲಿರಬೇಕೆಂಬುದು ಈ ಕೆಲಸದಲ್ಲಿ ನುರಿತವರು ಪಾಲಿಸುವ ನಿಯಮ. ಮರ ಇಂದಿಗೆ ಎಷ್ಟು ಎತ್ತರವಿದೆ ಎಂದಲ್ಲ, ಇನ್ನು ಇಪ್ಪತ್ತು ವರ್ಷಕ್ಕೆ ಎಷ್ಟಾದೀತೆಂದು ನೋಡಿ ಲೆಕ್ಕ ಹಾಕಬೇಕು. ಕಂಬವನ್ನು 10 ಮೀಟರಿನಿಂದ 20 ಮೀಟರಿಗೆ ಏರಿಸಿದರೆ, ತೆರೆದ ಬಯಲಿನಲ್ಲಿ ಗಾಳಿಯ ವೇಗ ಸುಮಾರು ಶೇ 10ರಷ್ಟು ಹೆಚ್ಚಿ ಶಕ್ತಿ ಶೇ 35ರಷ್ಟು ಏರುತ್ತದೆ. ಮರಗಿಡಗಳಿರುವ ಒರಟು ನೆಲದಲ್ಲಿ ಲಾಭ ಇನ್ನೂ ಹೆಚ್ಚು. ಹಣ ಸೀಮಿತವಾಗಿದ್ದರೆ ದೊಡ್ಡ ಯಂತ್ರವನ್ನು ಗಿಡ್ಡ ಕಂಬಕ್ಕೆ ಏರಿಸುವುದಕ್ಕಿಂತ ಚಿಕ್ಕ ಯಂತ್ರವನ್ನು ಎತ್ತರದ ಕಂಬಕ್ಕೆ ಏರಿಸುವುದೇ ಮೇಲು. ಜಾಗವಿದ್ದವರು ಸ್ಟೇ ವೈರುಗಳಿಂದ ಬಿಗಿದು, ಬುಡದಲ್ಲಿ ಕೀಲಿಟ್ಟು ನೆಲಕ್ಕೆ ಮಲಗಿಸಬಹುದಾದ ಕಂಬವನ್ನು ಆರಿಸಿಕೊಳ್ಳಲಿ, ಏಕೆಂದರೆ ರಿಪೇರಿಗೆ ಯಾರೂ ಮೇಲೆ ಹತ್ತಬೇಕಾಗುವುದಿಲ್ಲ. ಸಿಡಿಲಿನ ರಕ್ಷಣೆಗೆ ಕಂಬಕ್ಕೂ ಪ್ರತಿಯೊಂದು ಸ್ಟೇ ವೈರಿಗೂ ಅರ್ತಿಂಗ್ ಮಾಡಿಸುವುದನ್ನು ಮರೆಯಬೇಡಿ.

ಪ್ರಶ್ನೆ: ನೇರವಾಗಿ ನಿಂತು ಬುಗುರಿಯಂತೆ ತಿರುಗುವ ಯಂತ್ರಗಳು ಯಾವ ದಿಕ್ಕಿನ ಗಾಳಿಗೂ ಒಗ್ಗುತ್ತವಂತೆ. ಅವು ಉತ್ತಮವೇ?

ಉತ್ತರ: ನೋಡಲು ಚಂದ, ದಿಕ್ಕಿನ ಗೊಡವೆಯೂ ಇಲ್ಲ. ಆದರೆ ಉದ್ದಕ್ಕೆ ಸೀಳಿದ ಪೀಪಾಯಿಯಂಥ ರೆಕ್ಕೆಗಳಿರುವ ಸವೋನಿಯಸ್ ಮಾದರಿಯದು ಗಾಳಿಯ ಶಕ್ತಿಯಲ್ಲಿ ಸ್ವಲ್ಪ ಪಾಲನ್ನಷ್ಟೇ ಪಡೆಯುತ್ತದೆ. ತೆಳುವಾದ ರೆಕ್ಕೆಗಳಿರುವ ಡ್ಯಾರಿಯಸ್ ಮಾದರಿಯದು ಅದಕ್ಕಿಂತ ವಾಸಿಯಾದರೂ ಹಲವು ವೇಳೆ ತಾನಾಗಿ ತಿರುಗಲು ಮೊದಲಿಡುವುದಿಲ್ಲ, ಮತ್ತು ಪ್ರತಿ ಸುತ್ತಿನಲ್ಲಿಯೂ ರೆಕ್ಕೆಗಳ ಮೇಲಿನ ಒತ್ತಡ ಏರಿಳಿಯುವುದರಿಂದ ಲೋಹ ಬೇಗ ದಣಿಯುತ್ತದೆ. ಇವನ್ನು ಸಾಮಾನ್ಯವಾಗಿ ಗಾಳಿ ಕಡಿಮೆಯಿರುವ ತಗ್ಗಿನಲ್ಲಿಯೇ ನಿಲ್ಲಿಸುವುದು ಇನ್ನೊಂದು ತೊಡಕು. ಮೂರು ರೆಕ್ಕೆಯ ಅಡ್ಡ ಅಚ್ಚಿನ ಯಂತ್ರವೇ ಸಾಕು.

ಪ್ರಶ್ನೆ: ನಮ್ಮಲ್ಲಿ ಈಗಾಗಲೇ ಸೌರಫಲಕ, ಬ್ಯಾಟರಿ ಮತ್ತು ಇನ್ವರ್ಟರ್ ಇವೆ. ಗಾಳಿಯಂತ್ರವನ್ನು ಕೊಂಡು ಅದೇ ಚಾರ್ಜ್ ಕಂಟ್ರೋಲರಿಗೆ ಜೋಡಿಸಬಹುದೇ? ಬಿರುಗಾಳಿ ಬಂದರೆ ಏನು ಮಾಡಬೇಕು?

ಉತ್ತರ: ಬಿಸಿಲೂ ಗಾಳಿಯೂ ಒಂದಕ್ಕೊಂದು ಪೂರಕ, ಮೋಡ ಮುಚ್ಚಿದ ದಿನಗಳಲ್ಲಿಯೂ ರಾತ್ರಿಯಲ್ಲಿಯೂ ಗಾಳಿ ಬೀಸುವ ಪ್ರದೇಶದಲ್ಲಿ ಎರಡನ್ನೂ ಸೇರಿಸಿದರೆ ಬ್ಯಾಟರಿ ಚಿಕ್ಕದಾಗಿದ್ದರೂ ನಡೆಯುತ್ತದೆ. ಸೌರಫಲಕಕ್ಕೂ ಗಾಳಿಯಂತ್ರಕ್ಕೂ ಬ್ಯಾಟರಿ ಮತ್ತು ಇನ್ವರ್ಟರ್ ಒಂದೇ ಇರಬಹುದು. ಬ್ಯಾಟರಿಗೆ ಹೋಗುವ ವಿದ್ಯುತ್ತನ್ನು ಹತೋಟಿಯಲ್ಲಿಡುವ ಕಂಟ್ರೋಲರ್ ಮಾತ್ರ ಬೇರೆಯದೇ ಆಗಬೇಕು. ಬ್ಯಾಟರಿ ತುಂಬಿದಾಗ ಸೌರ ಕಂಟ್ರೋಲರ್ ಫಲಕದ ಸಂಪರ್ಕವನ್ನು ಕಡಿದುಬಿಡುತ್ತದೆ. ಫಲಕಕ್ಕೆ ಅದರಿಂದ ಯಾವ ಕೇಡೂ ಇಲ್ಲ. ಗಾಳಿಯಂತ್ರದ ಸಂಪರ್ಕವನ್ನು ಹಾಗೆ ಕಡಿದರೆ, ಹೊರೆ ಕಳಚಿದ ರೆಕ್ಕೆಗಳು ಲಂಗುಲಗಾಮಿಲ್ಲದೆ ತಿರುಗಿ ಮುರಿದು ಬೀಳಬಹುದು. ಆದ್ದರಿಂದ ಹೆಚ್ಚಾದ ವಿದ್ಯುತ್ತನ್ನು ದೊಡ್ಡ ಹೀಟರಿನಂಥ ರೆಸಿಸ್ಟರಿಗೆ ತಿರುಗಿಸುವ ಕಂಟ್ರೋಲರ್ ಇರಲೇಬೇಕು. ಆ ಶಾಖದಿಂದ ನೀರು ಕಾಯಿಸಿಕೊಳ್ಳುವವರೂ ಇದ್ದಾರೆ, ಆದರೆ ನೀರು ಖಾಲಿಯಾದ ದಿನ ಹೀಟರ್ ಸುಟ್ಟುಹೋದೀತು. ಆಗ ಯಂತ್ರಕ್ಕೆ ಹಿಡಿತವೇ ಇರುವುದಿಲ್ಲ.

ಬಿರುಗಾಳಿಗೆ ಯಂತ್ರದಲ್ಲಿಯೇ ಉಪಾಯವಿರಬೇಕು. ಗಾಳಿ ಮಿತಿಮೀರಿದಾಗ ಬಾಲ ಮಡಚಿಕೊಂಡು ರೆಕ್ಕೆಗಳು ಗಾಳಿಗೆ ಓರೆಯಾಗಿ ನಿಲ್ಲುವುದು ಸರಳವಾದ, ಬಹುಕಾಲದಿಂದ ಪರೀಕ್ಷೆಗೊಳಗಾದ ಏರ್ಪಾಟು. ಜನರೇಟರಿನ ಮೂರು ತಂತಿಗಳನ್ನು ಸ್ವಿಚ್ಚಿನಿಂದ ಒಂದುಗೂಡಿಸಿ ಯಂತ್ರವನ್ನು ನಿಲ್ಲಿಸುವ ಬ್ರೇಕ್ ಸಹ ಹಲವು ಯಂತ್ರಗಳಲ್ಲಿ ಇರುತ್ತದೆ, ಆದರೆ ಅದನ್ನು ಬಿರುಗಾಳಿ ಬರುವ ಮೊದಲೇ ಹಾಕಬೇಕು. ರೆಕ್ಕೆಗಳು ಭರದಿಂದ ತಿರುಗುತ್ತಿರುವಾಗ ಹಾಕಿದರೆ ಜನರೇಟರಿನ ಸುರುಳಿಯೇ ಸುಟ್ಟೀತು. ಕೇವಲ ಈ ಸ್ವಿಚ್ಚನ್ನೇ ನಂಬಿರುವ ಯಂತ್ರ, ನೀವು ಮನೆಯಲ್ಲಿಲ್ಲದ ರಾತ್ರಿ ಏನು ಮಾಡುತ್ತದೆಂದು ಮಾರಾಟಗಾರರನ್ನು ಕೇಳಿ ಉತ್ತರವನ್ನು ಬರೆಸಿಕೊಳ್ಳಿ.