ಹುಲ್ಲಿನ ಸೀಸನ್ ಬಂತು: ನೀವು ಕೇಳಿದ್ದು, ನಾವು ಹೇಳಿದ್ದು

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಟೆನಿಸ್‌ದೇ, ಅದೂ ಹುಲ್ಲಿನ ಕೋರ್ಟಲ್ಲಿ ಆಡೋ ವಿಂಬಲ್ಡನ್‌ದು. ಮಣ್ಣಿನ ಕೋರ್ಟಿನ ಫ್ರೆಂಚ್ ಓಪನ್ ಇನ್ನೂ ಮುಗಿದಿಲ್ಲ, ಆಗ್ಲೇ ನಿಮಗೆ ಹುಲ್ಲಿನ ಹುಚ್ಚು ಹಿಡಿದಿದೆ. ಆಗ್ಲಿ, ನಂದೂ ಅದೇ ಕಥೆ.

ವರ್ಷವಿಡೀ ಕಾಯೋದು, ಐದು ವಾರಕ್ಕೆ ಎಲ್ಲಾ ಮುಗಿದುಹೋಗೋದು. ಹುಲ್ಲಿನ ಟೆನಿಸ್‌ಗೆ ಯಾಕ್ ಸಾರ್ ಇಷ್ಟು ಜಿಪುಣತನ?
– ಓದುಗರೊಬ್ಬರು, ಮೈಸೂರು

ಐದು ವಾರ (ವಿಂಬಲ್ಡನ್‌ಗೆ ಮುಂಚೆ ಮೂರು, ವಿಂಬಲ್ಡನ್‌ದು ಎರಡು) ಸಿಗ್ತಿರೋದೇ ಪುಣ್ಯ ಅನ್ಕೊಳ್ಳಿ. 2014ರ ತನಕ ಫ್ರೆಂಚ್ ಓಪನ್‌ಗೂ ವಿಂಬಲ್ಡನ್‌ಗೂ ಮಧ್ಯೆ ಎರಡೇ ವಾರ ಇತ್ತು, 2015ರಲ್ಲಿ ವಿಂಬಲ್ಡನ್‌ನವರು ಒಂದು ವಾರ ಮುಂದಕ್ಕೆ ಹಾಕ್ಕೊಂಡ್ರು, ಅದೇ ವರ್ಷ ಸ್ಟುಟ್‌ಗಾರ್ಟ್ ಟೂರ್ನಿನೂ ಮಣ್ಣು ಬಿಟ್ಟು ಹುಲ್ಲಿಗೆ ಬಂತು. ಒಂದು ಕಾಲದಲ್ಲಿ ನಾಲ್ಕು ಗ್ರ್ಯಾಂಡ್ ಸ್ಲಾಮ್‌ನಲ್ಲಿ ಮೂರು ಹುಲ್ಲಲ್ಲೇ ನಡೀತಿದ್ವು. ಯುಎಸ್ ಓಪನ್ 1974ರವರೆಗೆ, ಆಸ್ಟ್ರೇಲಿಯನ್ ಓಪನ್ 1987ರವರೆಗೆ. ಆಮೇಲೆ ಬಿಟ್ರು, ಯಾಕಂದ್ರೆ ಹುಲ್ಲಿನ ಕೋರ್ಟ್ ಸಾಕೋದು ಅಂದ್ರೆ ಸುಮ್ನೆ ಮಾತಲ್ಲ. ವಿಂಬಲ್ಡನ್‌ನಲ್ಲಿ ಟೂರ್ನಿ ಹೊತ್ತಲ್ಲಿ ಹುಲ್ಲು ಬರೀ 8 ಮಿಲಿಮೀಟರ್ ಇರ್ಬೇಕು, ದಿನಾ ಕತ್ತರಿಸ್ಬೇಕು, ಹನಿ ಬಿದ್ರೆ ಹುಡುಗರು ಓಡಿ ಬಂದು ಕವರ್ ಎಳೀಬೇಕು, ಇಷ್ಟೆಲ್ಲಾ ಮಾಡಿದ್ರೂ ಎರಡನೇ ವಾರಕ್ಕೆ ಬೇಸ್‌ಲೈನ್ (ಕೋರ್ಟಿನ ಹಿಂದಿನ ಗೆರೆ) ಹತ್ರ ಹಸಿರು ಹೋಗಿ ಕಂದು ಮಣ್ಣು ಕಾಣ್ಸತ್ತೆ. ಅದಕ್ಕೇ ನಾನು ಹೇಳೋದು, ಫೈನಲ್ ಒಂದೇ ನೋಡ್ತೀನಿ ಅಂತ ಕೂರ್ಬೇಡಿ, ಮೊದಲ ಸೋಮವಾರ ಮಂಗಳವಾರ ನೋಡಿ, ನಿಜವಾದ ಹುಲ್ಲಿನ ಟೆನಿಸ್ ಇರೋದು ಆಗ. ಫೈನಲ್ ಹೊತ್ತಿಗೆ ಅರ್ಧ ಹುಲ್ಲು, ಅರ್ಧ ನೆಲ.

ಮಣ್ಣಿನ ಕೋರ್ಟಲ್ಲಿ ಹುಲಿ ಥರ ಆಡೋರು ಹುಲ್ಲಿಗೆ ಬಂದ ತಕ್ಷಣ ಯಾಕೆ ತಡವರಿಸ್ತಾರೆ?
– ಕಾಲೇಜು ವಿದ್ಯಾರ್ಥಿನಿ, ಶಿವಮೊಗ್ಗ

ಮಣ್ಣಲ್ಲಿ ಬಾಲ್ ಬಿದ್ದ ಕಡೆ ಹಿಡ್ಕೊಂಡು ಮೇಲೆ ಏಳತ್ತೆ, ಟಾಪ್‌ಸ್ಪಿನ್ ಹಾಕಿದ್ರೆ, ಅಂದ್ರೆ ಬಾಲ್ ಮುಂದಕ್ಕೆ ತಿರುಗೋ ಹಾಗೆ ಹೊಡೆದ್ರೆ, ಭುಜದ ಎತ್ತರಕ್ಕೆ ಬರತ್ತೆ, ಆರಾಮಾಗಿ ಹಿಂದೆ ನಿಂತು ಬೀಸಬಹುದು. ಹುಲ್ಲಲ್ಲಿ ಅದೇ ಬಾಲ್ ಜಾರ್ಕೊಂಡು ಮೊಣಕಾಲ ಮಟ್ಟದಲ್ಲೇ ನುಗ್ಗತ್ತೆ, ಬೀಸೋಕೆ ಟೈಮೇ ಇರಲ್ಲ, ಬಗ್ಗಿ ಬಗ್ಗಿ ಸೊಂಟ ಹಿಡ್ಕೊಳತ್ತೆ. ಇನ್ನು ಕಾಲು. ಮಣ್ಣಲ್ಲಿ ಜಾರ್ತಾ ಹೋಗಿ ಹೊಡೆಯೋ ಅಭ್ಯಾಸ ಇದ್ದೋರು ಇಲ್ಲಿ ಸಣ್ಣ ಸಣ್ಣ ಹೆಜ್ಜೆ ಇಡೋದು ಕಲೀಬೇಕು. ಮೊದಲ ದಿನಗಳಲ್ಲಂತೂ ಹುಲ್ಲು ಹಸಿ ಹಸಿ. 2021ರಲ್ಲಿ ಒಂದೇ ದಿನ, ಅದೇ ಸೆಂಟರ್ ಕೋರ್ಟಲ್ಲಿ, ಫೆಡರರ್ ವಿರುದ್ಧ ಆಡ್ತಿದ್ದ ಮನ್ನಾರಿನೊನೂ ಜಾರಿ ಬಿದ್ದು ಮ್ಯಾಚ್ ಬಿಟ್ಕೊಟ್ರು, ಸೆರೆನಾ ವಿಲಿಯಮ್ಸ್‌ನೂ ಕಾಲು ಜಾರಿ ಕಣ್ಣೀರು ಹಾಕ್ಕೊಂಡು ಹೊರಗೆ ಹೋದ್ರು.

ಇಲ್ಲಿ ಸ್ಲೈಸ್, ಅಂದ್ರೆ ಬಾಲ್ ಕೆಳಗೆ ಕೊಯ್ದ ಹಾಗೆ ಹೊಡೆಯೋದು, ಬರೋರಿಗೆ ಹಬ್ಬ. 2025ರಲ್ಲಿ ಲಂಡನ್ನಿನ ಕ್ವೀನ್ಸ್ ಕ್ಲಬ್‌ನಲ್ಲಿ 37 ವರ್ಷದ ತಾತ್ಯಾನಾ ಮರಿಯಾ ಅರ್ಹತಾ ಸುತ್ತು ಆಡಿ ಕ್ವಾಲಿಫೈಯರ್ ಆಗಿ ಬಂದು ಕಪ್ ಹೊಡ್ಕೊಂಡು ಹೋದ್ರಲ್ಲ, ಫೋರ್‌ಹ್ಯಾಂಡೂ ಸ್ಲೈಸು, ಬ್ಯಾಕ್‌ಹ್ಯಾಂಡೂ ಸ್ಲೈಸು, ಎದುರಿಗಿದ್ದೋರಿಗೆಲ್ಲಾ ತಲೆ ಕೆಟ್ಟೋಗಿತ್ತು. ಹಾಗಂತ ಮಣ್ಣಿನೋರಿಗೆ ಬರೋದೇ ಇಲ್ಲ ಅನ್ಬೇಡಿ. ನಾಲ್ಕು ಫ್ರೆಂಚ್ ಓಪನ್ ಗೆದ್ದಿದ್ದ ಪೋಲೆಂಡಿನ ಶ್ವಿಯಾಂಟೆಕ್‌ಗೆ ಅಲ್ಲಿವರೆಗೆ ಹುಲ್ಲಲ್ಲಿ ಒಂದು ಸೀನಿಯರ್ ಟೈಟಲ್ಲೂ ಇರಲಿಲ್ಲ. ಅದೇ ವರ್ಷ ಪ್ಯಾರಿಸ್‌ನಲ್ಲಿ ಸೆಮಿಫೈನಲ್‌ಗೇ ಸೋತ್ರು, ಪ್ರಾಕ್ಟೀಸ್‌ಗೆ ಒಂದೆರಡು ದಿನ ಜಾಸ್ತಿ ಸಿಕ್ತು, ಜರ್ಮನಿಯ ಹುಲ್ಲಿನ ಟೂರ್ನಿ ಬಾಡ್ ಹೊಂಬುರ್ಗ್‌ನಲ್ಲಿ ಫೈನಲ್ ತನಕ ಹೋದ್ರು, ವಿಂಬಲ್ಡನ್ ಫೈನಲ್ಲಲ್ಲಿ ಅನಿಸಿಮೊವಾನ 6-0, 6-0ಯಿಂದ ಮುಗಿಸಿಬಿಟ್ರು. ಸೋತಿದ್ದೇ ಲಾಭ ಆಯ್ತು ಅಂತ ನನ್ ಲೆಕ್ಕ.

ಸರ್ವ್ ಮಾಡಿ ನೆಟ್‌ಗೆ ಓಡಿ ಬರೋ ಆ ಹಳೇ ಆಟ ಎಲ್ಲಿ ಹೋಯ್ತು?
– ನಿವೃತ್ತ ಬ್ಯಾಂಕ್ ನೌಕರರು, ಮಂಗಳೂರು

ಹುಲ್ಲಿನ ಜೊತೆ ಹೋಯ್ತು ಸಾರ್. ಮುಂಚೆ ಎರಡು ಜಾತಿ ಹುಲ್ಲು ಬೆರೆಸಿ ಬಿತ್ತುತಿದ್ರು, 2001ರಿಂದ ಪೂರ್ತಿ ರೈ ಹುಲ್ಲು, ನೆಲ ಗಟ್ಟಿ ಆಯ್ತು, ಬೌನ್ಸ್ ಮೇಲೆ ಬಂತು. ಮಾರನೇ ವರ್ಷವೇ ಹ್ಯೂಯಿಟ್, ನಲ್ಬಾಂಡಿಯನ್ ಫೈನಲ್, ಇಬ್ಬರೂ ಬೇಸ್‌ಲೈನ್ ಬಿಟ್ಟು ಕದಲದೋರು. ರಾಕೆಟ್ಟು, ಸ್ಟ್ರಿಂಗೂ ಬದಲಾದ್ವು, ನೆಟ್‌ಗೆ ಬಂದ್ರೆ ಪಕ್ಕದಲ್ಲೇ ಬಾಲ್ ಹೊಡ್ಕೊಂಡು ಹೋಗ್ತಾರೆ ಈಗ. ಹಳೇ ಆಟ ಬೇಕೇ ಬೇಕು ಅಂದ್ರೆ ಡಬಲ್ಸ್ ನೋಡಿ.

ವಿಂಬಲ್ಡನ್‌ಗೆ ಮುಂಚೆ ಜರ್ಮನಿಯ ಹ್ಯಾಲೆ, ಲಂಡನ್ನಿನ ಕ್ವೀನ್ಸ್ ಟೂರ್ನಿ ಗೆದ್ದೋರೇ ವಿಂಬಲ್ಡನ್ ಗೆಲ್ಲೋದು ಅಂತ ಫ್ರೆಂಡ್ ಬೆಟ್ ಕಟ್ಟಿದಾನೆ. ಒಪ್ಕೊಳ್ಳಾ?
– ಐಟಿ ಹುಡುಗ, ಬೆಂಗಳೂರು

ಒಪ್ಕೋ ಮಾರಾಯ, ಊಟ ಕೊಡ್ಸೋ ಬೆಟ್ ಆದ್ರೆ ಮಾತ್ರ. 2025ರಲ್ಲಿ ಹ್ಯಾಲೆಯಲ್ಲಿ ಬುಬ್ಲಿಕ್ ಎರಡನೇ ರೌಂಡಲ್ಲೇ ಸಿನ್ನರ್‌ನ ಸೋಲಿಸಿ, ಆಮೇಲೆ ಟೈಟಲ್ಲೂ ಗೆದ್ದ. ಆಮೇಲೆ ವಿಂಬಲ್ಡನ್‌ನಲ್ಲಿ ಬುಬ್ಲಿಕ್ ಮೊದಲ ರೌಂಡಿಗೇ ಮನೆಗೆ, ಸಿನ್ನರ್ ಕಪ್ ಎತ್ತಿದ. ಆದ್ರೆ 2023ರಲ್ಲಿ ಅಲ್ಕರಾಜ್ ಕ್ವೀನ್ಸೂ ಗೆದ್ದು ವಿಂಬಲ್ಡನ್ನೂ ಗೆದ್ದ, ಅದೂ ನೆನಪಿರ್ಲಿ.

ಜೊಕೊವಿಚ್ ಗೆದ್ದಾಗೆಲ್ಲಾ ಕೋರ್ಟಿನ ಹುಲ್ಲು ಕಿತ್ತು ತಿಂತಾರಲ್ಲ, ರುಚಿ ಹೇಗಿರತ್ತೆ?
– ತುಂಟ ಓದುಗ, ತುಮಕೂರು

ಏಳು ಸಲ ಗೆದ್ದೋರನ್ನ ಕೇಳಿ. ರೈ ಹುಲ್ಲು ಅಲ್ಲಿನ ದನಗಳ ಮೇವಂತೂ ಹೌದು.

ಬೋಪಣ್ಣ ಇಲ್ದೆ ವಿಂಬಲ್ಡನ್ ನೋಡೋಕೆ ಮನಸ್ಸೇ ಬರ್ತಿಲ್ಲ.
– ಓದುಗರು, ಮಡಿಕೇರಿ

ನನಗೂ ಅಷ್ಟೇ. 2013, 2015, 2023, ಮೂರು ಸಲ ಡಬಲ್ಸ್ ಸೆಮಿಫೈನಲ್, ಮೂರೂ ಸಲ ಬೇರೆ ಬೇರೆ ಜೋಡಿ, ಮೂರೂ ಸಲ ಅಲ್ಲೇ ನಿಂತ್ರು. 2025ರ ನವೆಂಬರಲ್ಲಿ ನಿವೃತ್ತಿ ಹೇಳಿದ್ರು, ವಿಂಬಲ್ಡನ್ ಕೈಗೆ ಸಿಗಲೇ ಇಲ್ಲ. ಹುಲ್ಲು ನಮಗೇನೂ ಹೊಸದಲ್ಲ ನೋಡಿ, ರಾಮನಾಥನ್ ಕೃಷ್ಣನ್ 1960, 61ರಲ್ಲಿ ಸಿಂಗಲ್ಸ್ ಸೆಮಿಫೈನಲ್ ಆಡಿದ್ರು. ದೇಶ ದೇಶಗಳ ಟೀಮ್ ಆಡೋ ಡೇವಿಸ್ ಕಪ್ ಬಂದ್ರೆ ಯುರೋಪಿನೋರನ್ನ ಹುಲ್ಲಿಗೆ ಎಳೆಯೋದು ನಮ್ಮ ಹಳೇ ಉಪಾಯ. 2019ರಲ್ಲಿ ಇಟಲಿನ ಹಾಗೇ ಕೋಲ್ಕತ್ತಾದ ಸೌತ್ ಕ್ಲಬ್‌ಗೆ ಕರೆದ್ವಿ, ಬೆರೆಟ್ಟಿನಿ ಆ ಟೀಮಲ್ಲೇ ಇದ್ದ, ನಾವೇ ಸೋತ್ವಿ. ಎರಡು ವರ್ಷ ಆದ್ಮೇಲೆ ಆತ ವಿಂಬಲ್ಡನ್ ಫೈನಲ್ಲಲ್ಲಿ ನಿಂತಿದ್ದ!

ಸರ, ಮ್ಯಾಚ್ ಎಷ್ಟ ಗಂಟೆಕ್ಕ ಶುರು ಆಗ್ತಾವ್ರಿ? ರಾತ್ರಿ ಎಲ್ಲಾ ಎದ್ದ ಕೂಡಬೇಕೇನ್ರಿ?
– ಅಂಗಡಿ ಮಾಲೀಕರು, ಹುಬ್ಬಳ್ಳಿ

ಬ್ಯಾಡ್ರಿ, ಆಸ್ಟ್ರೇಲಿಯಾದ ಹಂಗ ನಸುಕಿನ್ಯಾಗ ಏಳೂದೂ ಬ್ಯಾಡ. ಸಣ್ಣ ಕೋರ್ಟ್‌ಗಳಲ್ಲಿ ನಮ್ಮ ಮಧ್ಯಾಹ್ನ ಮೂರೂವರೆಗೆ ಶುರು, ಸೆಂಟರ್ ಕೋರ್ಟಲ್ಲಿ ಸಂಜೆ ಆರಕ್ಕೆ. ಅಲ್ಲಿ ರಾತ್ರಿ 11ಕ್ಕೆ ಆಟ ನಿಲ್ಲಿಸಲೇಬೇಕು ಅಂತ ರೂಲ್ ಇದೆ, ಅಂದ್ರೆ ತೀರಾ ತಡ ಆದ್ರೆ ನಮಗೆ ಬೆಳಗಿನ ಜಾವ ಮೂರೂವರೆ. ಸಿಂಗಲ್ಸ್ ಫೈನಲ್‌ನ ಮಾತ್ರ 2025ರಿಂದ ತಡ ಮಾಡಿದಾರೆ, ನಮಗೆ ರಾತ್ರಿ ಎಂಟೂವರೆ. ಅಂಗಡಿ ಬಾಗಿಲು ಹಾಕಿ, ಊಟ ಮುಗಿಸಿ ಕೂಡ್ರಿ. 2019ರ ಜೊಕೊವಿಚ್, ಫೆಡರರ್ ಫೈನಲ್ ಹಂಗ 4 ಗಂಟೆ 57 ನಿಮಿಷ ಎಳೀತು ಅಂದ್ರ ಸೋಮವಾರ ಅಂಗಡಿ ತಗ್ಯಾಕ ಬ್ಯಾರೆಯವರಿಗೆ ಈಗ್ಲೇ ಹೇಳಿಡ್ರಿ.