ಇಂದಿನ ಜೋರ್ಡನ್‌ನಲ್ಲಿರುವ ಪೆಟ್ರಾ ನಗರ ಕಟ್ಟಿದ ಪ್ರಾಚೀನ ಅರಬ್ ಜನ ನಬಾಟಿಯನ್ನರು ಶ್ರೀಮಂತರಾದದ್ದು ಹೇಗೆ, ಕೊನೆಗೆ ಏನಾದರು?

ಧೂಪದಿಂದ ಶ್ರೀಮಂತರಾದರು. ದಕ್ಷಿಣ ಅರೇಬಿಯಾದಲ್ಲಿ ಮರದ ತೊಗಟೆ ಗೀರಿ ತೆಗೆದ ಅಂಟು ಒಂಟೆಗಳ ಮೇಲೆ ಗಾಜಾ ಬಂದರಿಗೆ ಹೋಗುತ್ತಿತ್ತು. ಆ ದಾರಿಯ ಉತ್ತರ ಭಾಗ ಇವರ ಕೈಯಲ್ಲಿತ್ತು. ಆದರೆ ನನ್ನ ಪ್ರಕಾರ ಅವರ ಅಸಲಿ ಬಂಡವಾಳ ನೀರು. ಪೆಟ್ರಾದೊಳಗೆ ಹೋಗುವ ಸೀಕ್ ಎಂಬ ಇಕ್ಕಟ್ಟು ಕಣಿವೆಯ ಬಂಡೆಗೋಡೆಯಲ್ಲಿ ಅವರು ಕೊರೆದ ಕಾಲುವೆ ಇವತ್ತಿಗೂ ಕಾಣುತ್ತೆ. ಅದರ ಎದುರು ಬದಿಗೆ ಸುಟ್ಟ ಮಣ್ಣಿನ ಕೊಳವೆಗಳೂ ಇದ್ದವು. ಬೀಳುವ ಅಷ್ಟಿಷ್ಟು ಮಳೆಯನ್ನೂ ಬಂಡೆಯೊಳಗಿನ ತೊಟ್ಟಿಗಳಲ್ಲಿ ಕೂಡಿಡುತ್ತಿದ್ದರು.

ಅವರು ಬಿದ್ದದ್ದು ಒಂದೇ ಏಟಿಗಲ್ಲ. ಸರಕು ಮೆಲ್ಲಗೆ ಕೆಂಪು ಸಮುದ್ರದ ಹಡಗು ಹತ್ತಿ ಈಜಿಪ್ಟ್ ಕಡೆ ತಿರುಗಿತು. ಕ್ರಿ.ಶ. 106ರಲ್ಲಿ ರೋಮಿನ ಚಕ್ರವರ್ತಿ ಟ್ರಾಜನ್ ಇಡೀ ರಾಜ್ಯವನ್ನೇ ತನ್ನ ಪ್ರಾಂತ್ಯ ಮಾಡಿಕೊಂಡ. 363ರ ಭೂಕಂಪ ಊರಿನ ಎಷ್ಟೋ ಕಟ್ಟಡಗಳನ್ನು ಕೆಡವಿತು. ಜೊತೆಗೆ ಆ ನೀರಿನ ವ್ಯವಸ್ಥೆಯೂ ಹಾಳಾಯಿತು.