ತಪ್ಪು ಕಾಗುಣಿತದ ಪುನರ್ನಿರ್ದೇಶನಗಳನ್ನು ವಿಕಿಯ ಹುಡುಕಾಟದಿಂದ ಮರೆಮಾಡಬಹುದೇ?

ನಿಮ್ಮ ಮೀಡಿಯಾವಿಕಿ (ವಿಕಿಪೀಡಿಯ ನಡೆಯುವ ತಂತ್ರಾಂಶ) ತಾಣದ ಹುಡುಕು ಪೆಟ್ಟಿಗೆಯಲ್ಲಿ ನಾಲ್ಕಕ್ಷರ ಬರೆಯುವಷ್ಟರಲ್ಲೇ ಪುನರ್ನಿರ್ದೇಶನಗಳು, ಅಂದರೆ ಓದುಗರನ್ನು ಸರಿಯಾದ ಲೇಖನಕ್ಕೆ ಕಳಿಸಲೆಂದೇ ಇಟ್ಟಿರುವ ಹಳೆಯ ಹೆಸರುಗಳೂ ತಪ್ಪು ಕಾಗುಣಿತಗಳೂ, ಸಲಹೆಗಳಾಗಿ ಇಳಿದುಬರುತ್ತವೆ, ಅವನ್ನು ಅಳಿಸದೆ ಮರೆಮಾಡುವುದು ಹೇಗೆ ಎಂದು ಕೇಳಿದ್ದೀರಿ. ಮೈಸೂರು, ಮಂಡ್ಯ ಸುತ್ತಿನ ಊರುಗಳ ಬಗ್ಗೆ ನಾನು ನೋಡಿಕೊಳ್ಳುವ ಸಣ್ಣ ವಿಕಿಯಲ್ಲಿಯೂ ಇದೇ ತೊಡಕಿತ್ತು.

ಒಂದು ಪುಟವನ್ನು ಮಾತ್ರ ಒಳಹುಡುಕಾಟದಿಂದ ಹೊರಗಿಡುವ ಗುರುತು ಮೂಲ ತಂತ್ರಾಂಶದಲ್ಲಿ ಇಲ್ಲ. ಅನೇಕರು ‘ನೋಇಂಡೆಕ್ಸ್’ ಪದವನ್ನು ಪುಟಕ್ಕೆ ಸೇರಿಸಿ ಕಾಯುತ್ತಾರೆ. ಅದು ಗೂಗಲ್‌ನಂತಹ ಹೊರಗಿನ ಶೋಧಕಗಳಿಗಾಗಿ ಇರುವಂಥದ್ದು, ನಿಮ್ಮ ಪೆಟ್ಟಿಗೆ ಅದನ್ನು ಲೆಕ್ಕಿಸುವುದಿಲ್ಲ.

ಹಳೆಯ ‘ವೆಕ್ಟರ್’ ಹೊದಿಕೆಯಲ್ಲಿ (ಹೊದಿಕೆ ಎಂದರೆ ತಾಣದ ಹೊರನೋಟ) ಸಲಹೆಗಳು ಓಪನ್‌ಸರ್ಚ್ ಎಪಿಐ ಮೂಲಕ ಬರುತ್ತವೆ; ಎಪಿಐ ಎಂದರೆ ಒಂದು ತಂತ್ರಾಂಶ ತಾಣದಿಂದ ಮಾಹಿತಿ ಕೇಳಿ ಪಡೆಯುವ ದಾರಿ. ಅದರ ‘ರೀಡೈರೆಕ್ಟ್ಸ್’ (ಪುನರ್ನಿರ್ದೇಶನಗಳು) ಆಯ್ಕೆ, ಉತ್ತರವನ್ನು ಜೇಸನ್ ಎಂಬ ದತ್ತಾಂಶ ರೂಪದಲ್ಲಿ ಕೇಳಿದಾಗ, ತಾನಾಗಿಯೇ ‘ರಿಟರ್ನ್’ (ಇದ್ದಂತೆಯೇ ಕೊಡು) ಆಗಿರುವುದರಿಂದ ಪುನರ್ನಿರ್ದೇಶನದ ಹೆಸರೇ ಕಾಣುತ್ತದೆ. ‘ರಿಸಾಲ್ವ್’ (ಗುರಿಪುಟದ ಹೆಸರು ಕೊಡು) ಎಂದು ಕೇಳಿದರೆ, ‘ಬ್ರಂದಾವನ’ ಎಂದು ಬರೆದವರಿಗೂ ‘ಬೃಂದಾವನ ಉದ್ಯಾನ’ ಎಂಬ ಸರಿಯಾದ ಶೀರ್ಷಿಕೆ ಸಿಗುತ್ತದೆ. ಆದರೆ ಇದು ಎಲ್ಲ ಪುನರ್ನಿರ್ದೇಶನಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಹಳೆಯ ದಾಖಲೆಯಲ್ಲಿ ‘ಫ್ರೆಂಚ್ ರಾಕ್ಸ್’ ಎಂದು ಓದಿ ಬಂದವರಿಗೆ ಬರೀ ‘ಪಾಂಡವಪುರ’ ಎಂದು ತೋರಿಸಿದರೆ, ಅದು ಅದೇ ಊರಿನ ಈಗಿನ ಹೆಸರೆಂದು ಅವರಿಗೆ ತಿಳಿಯುವುದು ಹೇಗೆ? ಹಳೆಯ ಹೆಸರು ತಪ್ಪಲ್ಲ. 2014ರ ನವೆಂಬರ್ 1ರಂದು ಮೈಸೂರಿನ ಇಂಗ್ಲಿಷ್ ಕಾಗುಣಿತ ಬದಲಾದ ಮೇಲೂ ಹಳೆಯದನ್ನೇ ಬರೆಯುವವರು ಕಡಿಮೆಯಿಲ್ಲ. ಹೀಗಾಗಿ ಮರೆಯಾಗಬೇಕಾದವು ‘ಪಕ್ಷಿದಾಮ’ದಂತಹ ಅಲ್ಪಪ್ರಾಣ, ಮಹಾಪ್ರಾಣಗಳ ಎಡವಟ್ಟುಗಳು ಮಾತ್ರ, ಏಕೆಂದರೆ ಸಲಹೆಯಲ್ಲಿ ಕಂಡದ್ದನ್ನೇ ಸರಿಯೆಂದು ಮಕ್ಕಳು ನಕಲು ಮಾಡಿಕೊಳ್ಳುತ್ತಾರೆ.

ಆದ್ದರಿಂದ ನಾನು ಪುನರ್ನಿರ್ದೇಶನದ ಸಾಲಿನ ಕೆಳಗೆ ‘ತಪ್ಪು ಕಾಗುಣಿತ’ ಎಂಬ ವರ್ಗವನ್ನು ಸೇರಿಸಿ, ಆ ವರ್ಗದ ಪಟ್ಟಿಯನ್ನು ಎಪಿಐಯಿಂದ ತರಿಸಿಕೊಂಡು (ಒಂದು ಕೋರಿಕೆಗೆ ಸಾಮಾನ್ಯ ಬಳಕೆದಾರರಿಗೆ 500 ಪುಟಗಳವರೆಗೆ ಸಿಗುತ್ತದೆ) ಸಲಹೆಗಳನ್ನು ಸೋಸುವ ಸಣ್ಣ ಸ್ಕ್ರಿಪ್ಟನ್ನು (ಪುಟ್ಟ ಪ್ರೋಗ್ರಾಂ) ತಾಣದ ಸಾಮಾನ್ಯ ಜಾವಾಸ್ಕ್ರಿಪ್ಟ್ ಪುಟದಲ್ಲಿ ಇಟ್ಟಿದ್ದೇನೆ. ಮೊದಲು ಅಂತಹ ಹೆಸರುಗಳನ್ನು ಸುಮ್ಮನೆ ಕಿತ್ತುಹಾಕಿದ್ದೆ. ತಪ್ಪಾಗಿ ಬರೆದವರ ಪೆಟ್ಟಿಗೆ ಖಾಲಿಯಾಗಿ, ಲೇಖನವೇ ಇಲ್ಲವೆಂದು ಅವರು ತಿರುಗಿ ಹೋದರು. ಈಗ ಆ ಜಾಗದಲ್ಲಿ ಗುರಿಪುಟದ ಹೆಸರನ್ನು ಇಡುತ್ತಿದ್ದೇನೆ.

ಪುಟ ಸರಿಸುವಾಗ (ಅಂದರೆ ಅದರ ಹೆಸರು ಬದಲಿಸುವಾಗ) ಕೈತಪ್ಪಿ ನಿನ್ನೆ ಮೊನ್ನೆ ಹುಟ್ಟಿದ ಪುನರ್ನಿರ್ದೇಶನಗಳನ್ನು ನಿರ್ವಾಹಕರು ಅಳಿಸಿದರೆ ತೊಂದರೆಯಿಲ್ಲ, ಆದರೆ ಅದಕ್ಕೆ ಮೊದಲು ‘ಇಲ್ಲಿಗೆ ಯಾವ ಸಂಪರ್ಕ ಕೂಡುತ್ತದೆ’ ಪುಟವನ್ನು ನೋಡಿ. ಹೊರಗಿನ ತಾಣಗಳಲ್ಲಿಯೋ ವಾಟ್ಸಾಪ್‌ನಲ್ಲಿಯೋ ಹಂಚಿಹೋದ ಕೊಂಡಿಗಳು ಆ ಪಟ್ಟಿಯಲ್ಲಿ ಕಾಣುವುದಿಲ್ಲವಾದ್ದರಿಂದ ಹಳೆಯ ಪುನರ್ನಿರ್ದೇಶನಗಳನ್ನು ನಾನು ಅಳಿಸುವುದಿಲ್ಲ.